ಮೂರನೇ ಸ್ಟಾರ್ ಒತ್ತಿದರೆ ಮೂರರಿಂದ ಐದರವರೆಗೆ ಬಣ್ಣ: ನಾನು ಸರಿಮಾಡಿದ ರೀತಿ

ವೆಬ್ ಪುಟದಲ್ಲಿ ಐದು ಸ್ಟಾರ್‌ಗಳ ರೇಟಿಂಗ್ ಫಾರ್ಮ್. ಐದು ರೇಡಿಯೋ ಬಟನ್ (ಒಂದನ್ನು ಮಾತ್ರ ಆರಿಸಬಹುದಾದ ಗುಂಡಿ), ಪ್ರತಿಯೊಂದಕ್ಕೂ ಒಂದು ಲೇಬಲ್, ಸ್ಟಾರ್ ಆಗಿ ಕಾಣುವುದು ಅದೇ. ಮೂರನೇ ಸ್ಟಾರ್ ಒತ್ತಿದರೆ ಮೊದಲ ಮೂರಕ್ಕೆ ಬಣ್ಣ ಬರಬೇಕು, ಅಲ್ವಾ? ಬಂದದ್ದು 3, 4, 5ಕ್ಕೆ.

ಪುಟದ ಬಣ್ಣ, ಜೋಡಣೆ ಹೇಳುವ ಸಿಎಸ್‌ಎಸ್‌ನಲ್ಲಿ ಲೇಬಲ್‌ಗೆ 'ಆಕ್ಟಿವ್' (ಒತ್ತಿ ಹಿಡಿದಿರುವ ಸ್ಥಿತಿ) ಬರೆದು ನೋಡಿದೆ. ಬೆರಳು ತೆಗೆದ ಕೂಡಲೇ ಬಣ್ಣ ಹೋಯಿತು. ಬೇರೆ ನಿಯಮಗಳನ್ನು ಮೀರಿಸುವ 'ಇಂಪಾರ್ಟೆಂಟ್' ಸೇರಿಸಿದ್ದು ಸುಮ್ನೆ ದಂಡ.

ಸಿಎಸ್‌ಎಸ್‌ನ ಟಿಲ್ಡೆ ಚಿಹ್ನೆ (~) ತನ್ನ ನಂತರ ಬರುವ ಅಂಶಗಳನ್ನು ಮಾತ್ರ ಹಿಡಿಯುತ್ತದೆ, ಹಿಂದಿನವನ್ನಲ್ಲ. ಹಾಗಾಗಿ ಪುಟದ ಅಂಶಗಳನ್ನು ಬರೆಯುವ ಎಚ್‌ಟಿಎಂಎಲ್‌ನಲ್ಲಿ ಕ್ರಮವನ್ನೇ ತಿರುಗಿಸಿದೆ: 5, 4, 3, 2, 1. ಪ್ರತಿ ಇನ್‌ಪುಟ್ (ಅಂದರೆ ರೇಡಿಯೋ ಬಟನ್) ಆದ ತಕ್ಷಣ ಅದರ ಲೇಬಲ್. ಯಾವುದನ್ನೂ ಬೇರೆ ಡಿವ್ (ಅಂಶಗಳನ್ನು ಸುತ್ತುವ ಪೆಟ್ಟಿಗೆ) ಒಳಗೆ ಸುತ್ತಬಾರದು, ಎಲ್ಲಾ ಒಂದೇ ಪೇರೆಂಟ್ (ಹೊರಗಿನ ಅಂಶ) ಕೆಳಗಿರಬೇಕು. ಪೇರೆಂಟ್‌ಗೆ ಡಿಸ್‌ಪ್ಲೇ ಫ್ಲೆಕ್ಸ್, ಫ್ಲೆಕ್ಸ್ ಡೈರೆಕ್ಷನ್ ರೋ-ರಿವರ್ಸ್ (ತೆರೆಯ ಮೇಲೆ ಮತ್ತೆ 1ರಿಂದ 5 ಕಾಣಲು), ಜಸ್ಟಿಫೈ ಕಂಟೆಂಟ್ ಫ್ಲೆಕ್ಸ್-ಎಂಡ್. ಕೊನೆಯದ್ದು ಬಿಟ್ಟರೆ ಸ್ಟಾರ್‌ಗಳು ಬಲಗಡೆಗೆ ಹೋಗಿ ಕೂರುತ್ತವೆ. ನಂತರ ಚೆಕ್ಡ್ (ಆಯ್ಕೆ) ಆದ ಇನ್‌ಪುಟ್, ಟಿಲ್ಡೆ, ಲೇಬಲ್: ಇದಕ್ಕೆ ಬಣ್ಣ.

ರೇಡಿಯೋ ಮರೆಮಾಡಲು 'ಡಿಸ್‌ಪ್ಲೇ ನನ್' (display: none) ಬೇಡ, ಕೀಬೋರ್ಡ್ ಫೋಕಸ್ ಸಿಗುವುದಿಲ್ಲ, ಅಂದರೆ ಕೀಲಿಯಿಂದ ಅದನ್ನು ತಲುಪಲಾಗದು. ಪೊಸಿಷನ್ ಆಬ್ಸಲ್ಯೂಟ್, ಒಪ್ಯಾಸಿಟಿ 0 (ಪೂರ್ತಿ ಪಾರದರ್ಶಕ) ಸಾಕು. ಫೋಕಸ್-ವಿಸಿಬಲ್ ಆದಾಗ (ಕೀಬೋರ್ಡ್‌ನಿಂದ ಅಲ್ಲಿಗೆ ಬಂದಾಗ) ಪಕ್ಕದ ಲೇಬಲ್‌ಗೆ 2 ಪಿಕ್ಸೆಲ್ ಔಟ್‌ಲೈನ್ ಕೊಟ್ಟೆ.

ಒಂದು ಕೊರತೆ ಉಳಿದಿದೆ: ಎಚ್‌ಟಿಎಂಎಲ್ ಕ್ರಮ ತಿರುಗಿರುವುದರಿಂದ, ಕೀಬೋರ್ಡ್‌ನ ಬಲ ಬಾಣ ಒತ್ತಿದರೆ ರೇಟಿಂಗ್ ಇಳಿಯುತ್ತದೆ.