ಅಕ್ವೇರಿಯಂನ ಗುಟುಕು ಸಪ್ಪಳ ನಿಂತದ್ದು ಹೀಗೆ

"ರಾತ್ರಿ ಯಾರೋ ತಲಿ ಹತ್ರ ಕುಂತು ಗುಟುಕ್ ಗುಟುಕ್ ನೀರು ಕುಡದಂಗ ಆಗ್ತೈತೋ ಯಪ್ಪಾ" ಎಂದು ಅವ್ವ ಹೇಳಿದ್ದು ಮೀನಿನ ತೊಟ್ಟಿ ಮನೆಗೆ ಬಂದ ನಾಲ್ಕನೇ ದಿನ. ಅವ್ವ ಮಲಗುವುದು ಹಾಲ್‌ನಲ್ಲಿ. ತೊಟ್ಟಿ ಇಟ್ಟಿದ್ದೂ ಅಲ್ಲೇ, ಮಂಚದಿಂದ ಐದಾರು ಅಡಿ ದೂರದಲ್ಲಿ. ಹಗಲು ರಸ್ತೆಯ ಗದ್ದಲದಲ್ಲಿ ಆ ಸಪ್ಪಳ ಗೊತ್ತೇ ಆಗುತ್ತಿರಲಿಲ್ಲ. ರಾತ್ರಿ ಹನ್ನೊಂದು ದಾಟಿದ ಮೇಲೆ ಮನೆ ತುಂಬ ಅದೇ.

ಮೀನು ತೆಗಿ ಅಂತ ಅವ್ವ ಒಮ್ಮೆಯೂ ಹೇಳಲಿಲ್ಲ. ಸಂಜೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುವವಳೇ ಅವಳು. ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಅವ್ವ ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಳು. ಇದನ್ನು ಸರಿ ಮಾಡಲೇಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಮೊದಲು ತೊಟ್ಟಿಯ ವಿಷಯ ಹೇಳುತ್ತೇನೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಸುಮಾರು 300 ಲೀಟರ್ ನೀರು. ಸಾಕಿರುವುದು ಆಫ್ರಿಕಾದ ಮಲಾವಿ ಸರೋವರದ ಹಳದಿ ಸಿಕ್ಲಿಡ್. ವಿಜಯಪುರದಲ್ಲಿ ನಮ್ಮ ಮನೆಯ ಬೋರ್ ನೀರು ಗಡಸು, ಆ ಮೀನಿಗೂ ಗಡಸು ನೀರೇ ಬೇಕು. ಹಾಗಾಗಿ ಅದನ್ನೇ ಆರಿಸಿದೆ. ತೊಟ್ಟಿಯ ಒಂದು ಮೂಲೆಯಲ್ಲಿ ಕಪ್ಪು ಗಾಜಿನ ಗೂಡು ಇದೆ. ಮೇಲಿನ ನೀರು ಬಾಚಣಿಕೆ ಹಲ್ಲಿನಂಥ ಸಂದುಗಳಿಂದ ಆ ಗೂಡಿಗೆ ಬೀಳುತ್ತದೆ. ಗೂಡಿನೊಳಗೆ ನಿಂತ ಪೈಪಿನಿಂದ ಕೆಳಗೆ ಸ್ಟ್ಯಾಂಡಿನಲ್ಲಿರುವ ಸಂಪ್‌ಗೆ ಇಳಿಯುತ್ತದೆ. ಅಲ್ಲಿ ಫಿಲ್ಟರ್ ಆಗುತ್ತದೆ, ಪಂಪ್ ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಇದಕ್ಕೇ ಓವರ್‌ಫ್ಲೋ ಅನ್ನುವುದು.

ತೊಟ್ಟಿ ಕೊಟ್ಟ ಅಂಗಡಿಯವರನ್ನು ಕೇಳಿದರೆ "ಓವರ್‌ಫ್ಲೋ ಅಂದ್ಮ್ಯಾಗ ಸಪ್ಪಳ ಇರೂದರಿ" ಅಂದರು. ನನಗೆ ಒಪ್ಪಿಗೆ ಆಗಲಿಲ್ಲ.

ಭಾನುವಾರ ರಾತ್ರಿ ಟಿವಿ, ಫ್ಯಾನ್ ಎಲ್ಲ ಬಂದ್ ಮಾಡಿ ತೊಟ್ಟಿಯ ಪಕ್ಕ ಕಿವಿಗೊಟ್ಟು ಕೂತೆ. ಒಂದೇ ಅಂದುಕೊಂಡಿದ್ದ ಸಪ್ಪಳದಲ್ಲಿ ಮೂರು ಇದ್ದವು. ಒಂದು, ನೀರು ಗೂಡಿನೊಳಗೆ ಒಂದು ಅಡಿಗಿಂತ ಜಾಸ್ತಿ ಎತ್ತರದಿಂದ ಬೀಳುವುದು. ಎರಡು, ಪೈಪಿನ ಬಾಯಲ್ಲಿ ಗುಳುಗುಳು. ಮೂರು, ಕೆಳಗೆ ಸಂಪ್‌ನಲ್ಲಿ ಗುಳ್ಳೆ ಒಡೆಯುವುದು. ಅವ್ವನ ನಿದ್ದೆ ಕೆಡಿಸುತ್ತಿದ್ದದ್ದು ಎರಡನೆಯದು. ಅದು ಒಂದೇ ಸಮನೆ ಬರುತ್ತಿರಲಿಲ್ಲ. ಸುಮಾರು 40 ಸೆಕೆಂಡಿಗೆ ಒಮ್ಮೆ ಜೋರಾಗಿ ಎಳೆದುಕೊಂಡು, ಆಮೇಲೆ ಸುಮ್ಮನಾಗುತ್ತಿತ್ತು. ಒಂದೇ ಸಮ ಬರುವ ಸಪ್ಪಳಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ನಿಂತು ನಿಂತು ಬರುವುದಕ್ಕೆ ಹೊಂದಿಕೊಳ್ಳುವುದಿಲ್ಲ, ಅಲ್ವಾ?

ಟಾರ್ಚ್ ಹಿಡಿದು ಗೂಡಿನೊಳಗೆ ನೋಡುತ್ತಾ ಕೂತಾಗ ಕಾರಣ ಕಣ್ಣಿಗೇ ಕಂಡಿತು. ಒಳಗೆ ನಿಂತಿದ್ದದ್ದು ಬಾಯಿ ತೆರೆದ ಒಂದು ಇಂಚಿನ ಪೈಪು. ನೀರು ಏರಿ ಪೈಪಿನ ಬಾಯಿ ಪೂರ್ತಿ ಮುಚ್ಚಿತು. ಒಳಗೆ ಗಾಳಿ ಉಳಿಯಲಿಲ್ಲ, ಪೈಪು ತುಂಬಿ ಹರಿಯಿತು. ಹಾಗೆ ತುಂಬಿ ಹರಿದರೆ ಪಂಪ್ ಕೊಡುವುದಕ್ಕಿಂತ ವೇಗವಾಗಿ ನೀರು ಖಾಲಿಯಾಗುತ್ತದೆ. ಮಟ್ಟ ಇಳಿಯಿತು, ಪೈಪು ಗಾಳಿ ಎಳೆದುಕೊಂಡಿತು, ಗುಟಕ್ ಅಂದಿತು, ಹರಿವು ಕಡಿದುಹೋಯಿತು. ಮತ್ತೆ ನೀರು ಏರತೊಡಗಿತು. ಬೆಳಗಿನ ತನಕ ಇದೇ.

ಕಾರಣ ಸಿಕ್ಕರೂ ಪರಿಹಾರ ಹೊಳೆಯಲಿಲ್ಲ. ಅದು ಸಿಕ್ಕಿದ್ದು ತಿಕೋಟಾದ ನಮ್ಮ ಕಾಕಾನ ದ್ರಾಕ್ಷಿ ತೋಟದಲ್ಲಿ. ಕಾಕಾ ಡ್ರಿಪ್ ಲೈನ್ ತೊಳೆಯುತ್ತಿದ್ದರು. ಮೇನ್ ಪೈಪಿನ ಎತ್ತರದ ಜಾಗದಲ್ಲಿ ಒಂದು ಕಪ್ಪು ಬುರುಡೆ ಕೂರಿಸಿದ್ದರು. ಅದೇನು ಅಂತ ಕೇಳಿದೆ. "ಏರ್ ವಾಲ್ವ್ ತಮ್ಮಾ. ಪೈಪಿನಾಗ ಗಾಳಿ ಸಿಕ್ಕೊಂಡ್ರ ನೀರು ಒದ್ದಾಡ್ತೈತಿ. ಗಾಳಿಗೊಂದು ಬ್ಯಾರೆ ದಾರಿ ಮಾಡಿ ಕೊಟ್ರ ನೀರು ತನ್ನ ಪಾಡಿಗೆ ಹೋಗ್ತೈತಿ" ಅಂದರು. ಬರುವಾಗ ಅವರ ಹತ್ತಿರ ಎರಡು ಅಡಿ ಮೈಕ್ರೋ ಟ್ಯೂಬ್ ಕೇಳಿ ತಂದೆ. ಡ್ರಿಪ್‌ನಲ್ಲಿ ಗಿಡದ ಬುಡಕ್ಕೆ ನೀರು ಬಿಡುವ ಸಣ್ಣ ಕಪ್ಪು ನಳಿಗೆ ಅದು.

ಮನೆಗೆ ಬಂದವನೇ ಆ ನಳಿಗೆಯನ್ನು ಪೈಪಿನ ಬಾಯೊಳಗೆ ಒಂದೂವರೆ ಅಡಿ ಇಳಿಬಿಟ್ಟೆ. ಮೇಲಿನ ತುದಿಯನ್ನು ನೀರಿನಿಂದ ಹೊರಗೆ ಹಿಡಿದೆ. ಗುಟುಕು ನಿಂತೇ ಹೋಯಿತು! ಬೆರಳಿನಿಂದ ತುದಿ ಮುಚ್ಚಿದರೆ ಶುರು, ಬಿಟ್ಟರೆ ಬಂದ್. ಹತ್ತು ಸಲ ಮಾಡಿ ನೋಡಿರಬೇಕು. ಸಪ್ಪಳ ಪೂರ್ತಿ ಹೋಗಿರಲಿಲ್ಲ, ಆದರೆ ಕೆಲಸ ಯಾವ ದಿಕ್ಕಿನಲ್ಲಿದೆ ಅಂತ ಗೊತ್ತಾಯಿತು. ನಿಮ್ಮ ಮನೆಯಲ್ಲೂ ಇದೇ ತೊಂದರೆ ಇದ್ದರೆ ಪೈಪು ಕತ್ತರಿಸುವ ಮೊದಲು ಇದನ್ನು ಮಾಡಿ ನೋಡಿ. ಏರ್ ಪಂಪಿನ ಟ್ಯೂಬ್ ಆದರೂ ಸಾಕು.

ಗಾಳಿಗೆ ದಾರಿ ಬಿಡುವುದು ನಮ್ಮ ಊರಿಗೆ ಹೊಸದೇನಲ್ಲ. ತೊರವಿ ಕಡೆಯಿಂದ ಊರಿಗೆ ನೀರು ತಂದ ಆದಿಲ್‌ಶಾಹಿ ಕಾಲದ ಸುರಂಗ, ಕರೇಜ್ ಅನ್ನುತ್ತಾರಲ್ಲ, ಅದರ ಮೇಲೆ ಸಾಲಾಗಿ ಬಾವಿಯಂಥ ಗಾಳಿ ಕಿಂಡಿಗಳಿವೆ. ಮುಹಮ್ಮದ್ ಆದಿಲ್ ಶಾ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್‌ನಿಂದ ಮಣ್ಣಿನ ಪೈಪಿನಲ್ಲಿ ನೀರು ಬರುತ್ತಿತ್ತು. ಆ ದಾರಿಯಲ್ಲಿ ಗಂಜ್ ಅನ್ನುವ ಕಲ್ಲಿನ ಗೋಪುರ ಕಟ್ಟಿದರು. ಪೈಪಿನ ಒತ್ತಡ ಅಲ್ಲಿ ಇಳಿಯುತ್ತಿತ್ತು, ಹೂಳೂ ಅಲ್ಲೇ ತಳ ಸೇರುತ್ತಿತ್ತು. ಊರಲ್ಲಿ ಇವತ್ತಿಗೂ ಕೆಲವು ನಿಂತಿವೆ. ಚಿಕ್ಕವನಿದ್ದಾಗಿನಿಂದ ನೋಡಿದ್ದೆ. ಅವು ಯಾಕೆ ಬೇಕಿದ್ದವು ಅಂತ ಮನಸ್ಸಿಗೆ ಇಳಿದದ್ದು ಆ ರಾತ್ರಿ.

ಆಮೇಲೆ ಓದಿ ತಿಳಿದುಕೊಂಡೆ. ರಿಚರ್ಡ್ ಡರ್ಸೋ ಅನ್ನುವ ಅಮೆರಿಕದ ಹವ್ಯಾಸಿಯ ಹೆಸರಿನಲ್ಲಿ ಇದಕ್ಕೊಂದು ಪೈಪ್ ಜೋಡಣೆ ಇದೆ, ಡರ್ಸೋ ಸ್ಟ್ಯಾಂಡ್‌ಪೈಪ್. ನಾನು ಮಾಡಿದ್ದು ಅದನ್ನೇ, ನಮ್ಮಲ್ಲಿ ಸಿಗುವ ಸಾಮಾನಿನಲ್ಲಿ.

ಕೆಲಸಕ್ಕೆ ಮೊದಲು ಹರಿವು ಅಳೆದೆ. ಪಂಪಿನ ಡಬ್ಬಿಯ ಮೇಲೆ ಗಂಟೆಗೆ 3000 ಲೀಟರ್ ಅಂತ ಇತ್ತು. ನೀರು ನಾಲ್ಕು ಅಡಿ ಮೇಲೆ ಏರುವಾಗ ಅಷ್ಟು ಬರುವುದಿಲ್ಲ. 15 ಲೀಟರ್ ಬಕೆಟ್ ಹಿಡಿದು ಮೊಬೈಲ್‌ನಲ್ಲಿ ಸಮಯ ನೋಡಿದೆ. 30 ಸೆಕೆಂಡಿಗೆ ತುಂಬಿತು. ಅಂದರೆ ಗಂಟೆಗೆ 1800 ಲೀಟರ್. ನಿಮ್ಮದನ್ನೂ ಹೀಗೇ ಅಳೆಯಿರಿ, ಡಬ್ಬಿಯ ಅಂಕಿ ನಂಬಬೇಡಿ.

ಗಾಂಧಿ ಚೌಕದ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲ ಸಿಕ್ಕಿತು. ಒಂದೂಕಾಲು ಇಂಚಿನ ಪಿವಿಸಿ ಪೈಪು ಮೂರು ಅಡಿ, ಅದೇ ಅಳತೆಯ ಒಂದು ಟೀ (T ಆಕಾರದ, ಮೂರು ಬಾಯಿಯ ಜೋಡಣೆ), ಒಂದು ಎಲ್ಬೋ, ಒಂದು ಎಂಡ್ ಕ್ಯಾಪ್. ಒಂದೂಕಾಲಿನಿಂದ ಒಂದು ಇಂಚಿಗೆ ಇಳಿಸುವ ರೆಡ್ಯೂಸರ್. ಕೆಳಗಿನ ಲೈನಿಗೆ ಒಂದು ಇಂಚಿನ 45 ಡಿಗ್ರಿ ಎಲ್ಬೋ ಎರಡು. ಪೈಪು ಅಂಟಿಸುವ ಸಾಲ್ವೆಂಟ್, ಟೆಫ್ಲಾನ್ ಟೇಪ್. 500 ರೂಪಾಯಿಯೊಳಗೆ ಮುಗಿಯಿತು.

ಗಾಜಿಗೆ ಹಾಕಿದ್ದ ಟ್ಯಾಂಕ್ ನಿಪ್ಪಲ್ ಒಂದು ಇಂಚಿನದು, ಅದನ್ನು ಮುಟ್ಟಲಿಲ್ಲ. ಅದರ ಮೇಲೆ ರೆಡ್ಯೂಸರ್ ಹಾಕಿ ನಿಂತ ಪೈಪನ್ನು ದಪ್ಪ ಮಾಡಿದೆ. ದಪ್ಪ ಪೈಪಿನಲ್ಲಿ ನೀರು ಗೋಡೆ ಹಿಡಿದು ಇಳಿಯುತ್ತದೆ, ನಡುವೆ ಗಾಳಿಗೆ ಜಾಗ ಉಳಿಯುತ್ತದೆ. ಪೈಪಿನ ಮೇಲೆ ಟೀ. ಟೀಯ ಪಕ್ಕದ ಬಾಯಿಗೆ ಎಲ್ಬೋ, ಅದರ ಬಾಯಿ ಕೆಳಮುಖ. ಟೀಯ ಮೇಲಿನ ಬಾಯಿಗೆ ಕ್ಯಾಪ್, ಕ್ಯಾಪಿನಲ್ಲಿ ಒಂದು ಸಣ್ಣ ತೂತು. ಈಗ ನೀರು ಎಲ್ಬೋದ ಕೆಳಬಾಯಿಯಿಂದ, ಅಂದರೆ ಮಟ್ಟಕ್ಕಿಂತ ಕೆಳಗಿನಿಂದ, ಸದ್ದಿಲ್ಲದೆ ಒಳಗೆ ಹೋಗುತ್ತದೆ. ಗಾಳಿ ಮೇಲಿನ ತೂತಿನಿಂದ ಬರುತ್ತದೆ. ಇಬ್ಬರಿಗೂ ಬೇರೆ ಬೇರೆ ಬಾಗಿಲು.

ಪೈಪಿನ ಎತ್ತರವೇ ಮುಖ್ಯ. ಗೂಡಿನ ನೀರಿನ ಮಟ್ಟ ಟೀ ಎಲ್ಲಿದೆಯೋ ಅಲ್ಲಿಗೇ ನಿಲ್ಲುತ್ತದೆ. ಟೀಯ ಪಕ್ಕದ ಬಾಯಿ ಬಾಚಣಿಕೆ ಹಲ್ಲಿನಿಂದ ಮೂರು ಇಂಚು ಕೆಳಗೆ ಬರುವಂತೆ ಹ್ಯಾಕ್ಸಾದಲ್ಲಿ ಕತ್ತರಿಸಿದೆ. ಮೊದಲು ಅಡಿಗಿಂತ ಜಾಸ್ತಿ ಎತ್ತರದಿಂದ ಬೀಳುತ್ತಿದ್ದ ನೀರು ಈಗ ಮೂರೇ ಇಂಚು ಬೀಳುತ್ತದೆ. ಮೊದಲನೇ ಸಪ್ಪಳ ಅದರಿಂದಲೇ ಹೋಯಿತು. ಜಾಗದ ಕಷ್ಟ ಮಾತ್ರ ಬಹಳ ಆಯಿತು. ಗೂಡು ಬರೀ ಏಳು ಇಂಚು, ಆರು ಇಂಚು. ಟೀ, ಎಲ್ಬೋ ಎರಡೂ ಸೇರಿದರೆ ನೇರವಾಗಿ ಕೂರಲಿಲ್ಲ. ಮೂಲೆಯಿಂದ ಮೂಲೆಗೆ ತಿರುಗಿಸಿದ ಮೇಲೆ ಕೂತಿತು. ಮೊದಲೇ ಅಳೆದುಕೊಂಡು ಅಂಗಡಿಗೆ ಹೋಗಿ.

ಗೂಡಿನೊಳಗಿನ ಯಾವ ಜೋಡಣೆಗೂ ಸಾಲ್ವೆಂಟ್ ಹಚ್ಚಬೇಡಿ. ಒತ್ತಿ ಕೂರಿಸಿದರೆ ಸಾಕು. ಅಲ್ಲಿ ತೊಟ್ಟು ನೀರು ಸೋರಿದರೂ ಅದೇ ಪೈಪಿಗೆ ಹೋಗುತ್ತದೆ, ಬಿಚ್ಚಿ ತೊಳೆಯುವುದಕ್ಕೂ ಬರುತ್ತದೆ. ತೊಟ್ಟಿಯ ಕೆಳಗಿನ ಲೈನಿಗೆ ಮಾತ್ರ ಸಾಲ್ವೆಂಟ್ ಹಚ್ಚಿ ಒಂದು ಇಡೀ ದಿನ ಒಣಗಲು ಬಿಟ್ಟೆ. ಎಲ್ಬೋದ ಬಾಯಿಗೆ ಪ್ಲಾಸ್ಟಿಕ್ ಜಾಳಿಗೆ ಕಟ್ಟಿದೆ, ಮರಿ ಮೀನು ಒಳಗೆ ಹೋಗಬಾರದಲ್ಲ.

ಕ್ಯಾಪಿನ ತೂತಿನಲ್ಲಿ ತಾಳ್ಮೆ ಬೇಕು. ಸಣ್ಣದಾದರೆ ಗಾಳಿ ಸಾಲದೆ ಮತ್ತೆ ಅದೇ ಎಳೆತ. ದೊಡ್ಡದಾದರೆ ಗುಳುಗುಳು. ನಾನು 2 ಎಂಎಂ ಬಿಟ್‌ನಿಂದ ಶುರು ಮಾಡಿದೆ. ಕೊನೆಗೆ ತೂತು 4 ಎಂಎಂ ಮಾಡಿ, ಅದಕ್ಕೆ ಏರ್ ಟ್ಯೂಬಿನ ತುಂಡು ಸಿಕ್ಕಿಸಿ, ತುದಿಗೆ ಏರ್ ಪಂಪಿಗೆ ಬಳಸುವ ಸಣ್ಣ ಪ್ಲಾಸ್ಟಿಕ್ ಕಾಕ್ ಹಾಕಿದೆ. ಈಗ ತೂತು ಹಿಗ್ಗಿಸುವುದು, ಕುಗ್ಗಿಸುವುದು ಬೆರಳಲ್ಲೇ. ಕಾಕ್ ನಿಧಾನ ತಿರುಗಿಸಿ, ಪ್ರತಿ ಸಲ ಐದು ನಿಮಿಷ ಕಾಯಿರಿ. ನೀರಿನ ಮಟ್ಟ ಅಲ್ಲಾಡದೆ ನಿಂತರೆ ಸರಿಯಾಗಿದೆ ಅಂತ.

ಸಂಪ್‌ನಲ್ಲಿ ಪೈಪಿನ ತುದಿ ಆರು ಇಂಚು ನೀರೊಳಗೆ ಮುಳುಗಿತ್ತು. ಇಳಿದ ಗಾಳಿ ಅಷ್ಟು ನೀರನ್ನು ತಳ್ಳಿಕೊಂಡು ಹೊರಗೆ ಬರಲು ಒದ್ದಾಡುತ್ತಿತ್ತು. ತುದಿ ಕತ್ತರಿಸಿ ಒಂದೇ ಇಂಚು ಮುಳುಗುವಂತೆ ಮಾಡಿದೆ. 90 ಡಿಗ್ರಿಯ ತಿರುವು ತೆಗೆದು 45ರ ಎರಡು ಎಲ್ಬೋ ಹಾಕಿದೆ. ಪಂಪಿನ ಕೆಳಗೆ ಸ್ಪಂಜಿನ ತುಂಡು ಇಟ್ಟು, ಪಂಪಿಗೂ ಪೈಪಿಗೂ ನಡುವೆ ರಬ್ಬರ್ ಹೋಸ್ ಹಾಕಿದ ಮೇಲೆ ಸ್ಟ್ಯಾಂಡಿನ ನಡುಕವೂ ನಿಂತಿತು.

ಇಲ್ಲಿ ಒಂದು ತಪ್ಪು ಮಾಡಿದೆ. ನೀವು ಮಾಡಬಾರದು ಅಂತ ಬಿಡಿಸಿ ಹೇಳುತ್ತೇನೆ. ಮೇಲೆ ಬರುವ ನೀರು ತೊಟ್ಟಿಗೆ ಬೀಳುವ ಸದ್ದೂ ಬೇಡ ಅನ್ನಿಸಿ, ರಿಟರ್ನ್ ಪೈಪಿನ ಬಾಯನ್ನು ಐದು ಇಂಚು ನೀರೊಳಗೆ ಇಳಿಸಿದೆ. ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಪಂಪ್ ನಿಂತಾಗ ಅದೇ ಪೈಪು ಹಿಮ್ಮುಖವಾಗಿ ತೊಟ್ಟಿಯ ನೀರು ಎಳೆದು ಸಂಪ್‌ಗೆ ಸುರಿಯಿತು. ನನ್ನ ತೊಟ್ಟಿಯಲ್ಲಿ ಒಂದು ಇಂಚು ನೀರು ಅಂದರೆ ಹತ್ತಿರ ಹತ್ತಿರ 14 ಲೀಟರ್. ಐದು ಇಂಚಿಗೆ 70. ಸಂಪ್ ತುಂಬಿ ಹಾಲ್‌ನ ಜಮಖಾನೆ, ಅವ್ವನ ಹಾಸಿಗೆಯ ಅಂಚು ಎಲ್ಲ ತೊಯ್ದವು. ಮೀನಿಗೆ ಏನೂ ಆಗಲಿಲ್ಲ, ಅದೊಂದು ಸಮಾಧಾನ.

ಅವತ್ತೇ ರಿಟರ್ನ್ ಪೈಪಿಗೆ, ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ, 3 ಎಂಎಂ ತೂತು ಕೊರೆದೆ. ಪಂಪ್ ನಿಂತು ನೀರು ಸ್ವಲ್ಪ ಇಳಿದೊಡನೆ ಆ ತೂತು ಗಾಳಿ ಎಳೆದುಕೊಳ್ಳುತ್ತದೆ, ಹಿಮ್ಮುಖ ಹರಿವು ಕಡಿಯುತ್ತದೆ. ಇಲ್ಲೂ ಗಾಳಿಯೇ ಕಾಯುವುದು. ಆಮೇಲೆ ಪಂಪ್ ಬೇಕಂತಲೇ ಬಂದ್ ಮಾಡಿ, ಸಂಪ್‌ನಲ್ಲಿ ನೀರು ಎಲ್ಲಿಯತನಕ ಏರುತ್ತದೆ ನೋಡಿದೆ. ಅಷ್ಟು ಜಾಗ ಯಾವಾಗಲೂ ಖಾಲಿ ಇರಲಿ ಅಂತ, ಪಂಪ್ ಓಡುವಾಗ ನೀರು ದಾಟಬಾರದ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದೆ. ಯಾವ ಪೈಪು ಬದಲಿಸಿದರೂ ಮೊದಲು ಈ ಪರೀಕ್ಷೆ ಮಾಡಿ.

ಎರಡು ತಿಂಗಳು ಮನೆ ಶಾಂತ. ಅವ್ವ ಮಂಚಕ್ಕೆ ಮರಳಿದಳು. ಆಮೇಲೆ ಒಂದು ರಾತ್ರಿ ಮತ್ತೆ ಗುಟಕ್. ಕಾಕ್ ಬಿಚ್ಚಿ ನೋಡಿದರೆ ಒಳಗೆ ಬಿಳಿ ಪೊರೆ ಕಟ್ಟಿತ್ತು. ನಮ್ಮ ಗಡಸು ನೀರಿನ ಸುಣ್ಣ, ಚಿಮ್ಮಿದ ಹನಿ ಒಣಗಿ ಒಣಗಿ ತೂತು ಮುಚ್ಚಿಬಿಟ್ಟಿತ್ತು. ಇಂಡಿಯ ಲಿಂಬೆ ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ. ಎರಡು ಹಿಂಡಿ ಆ ರಸದಲ್ಲಿ ಕಾಕ್, ಕ್ಯಾಪ್ ರಾತ್ರಿಯಿಡೀ ನೆನೆಹಾಕಿದೆ. ಬೆಳಗ್ಗೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಬಿಟ್ಟುಕೊಂಡಿತು. ಈಗ ತಿಂಗಳಿಗೊಮ್ಮೆ ಇದು ತಪ್ಪದ ಕೆಲಸ. ರಿಟರ್ನ್ ಪೈಪಿನ ತೂತಿಗೂ ಆಗಲೇ ಸೂಜಿ ಹಾಕಿ ನೋಡುತ್ತೇನೆ.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಸಪ್ಪಳ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಆರಿದ್ದು ಕಾಣುವುದು ಸಂಪ್‌ನ ಪಂಪ್ ಇರುವ ಕೋಣೆಯಲ್ಲಿ ಮಾತ್ರ. ಅಲ್ಲಿ ಮಟ್ಟ ಇಳಿದರೆ ಪಂಪ್ ಗಾಳಿ ನುಂಗಿ ಗರಗರ ಅನ್ನುತ್ತದೆ. ದಿನಾ ಬೆಳಗ್ಗೆ ಗೆರೆ ನೋಡಿ ನೀರು ಸೇರಿಸುತ್ತೇವೆ. ಆ ಕೆಲಸ ಅವ್ವ ತಾನೇ ವಹಿಸಿಕೊಂಡಿದ್ದಾಳೆ.

ಹೊಸ ತೊಟ್ಟಿ ಮಾಡಿಸುವವರು ಗೂಡಿನಲ್ಲಿ ಇಳಿಯುವ ನೀರಿಗೇ ಎರಡು ತೂತು ಕೊರೆಸಿಕೊಳ್ಳಿ. ಆಗ ಹವ್ಯಾಸಿಗಳು ಹರ್ಬಿ ಅನ್ನುವ ಪದ್ಧತಿ ಸಾಧ್ಯ. ಒಂದು ಪೈಪು ಪೂರ್ತಿ ತುಂಬಿ ಹರಿಯುತ್ತದೆ, ಅದರಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಸಪ್ಪಳವೂ ಇಲ್ಲ. ಅದರ ಹರಿವನ್ನು ಸಂಪ್‌ನ ಮೇಲೆ ಹಾಕಿದ ಗೇಟ್ ವಾಲ್ವ್‌ನಿಂದ ಪಂಪಿಗೆ ಸರಿಹೊಂದಿಸಬೇಕು. ಬಾಲ್ ವಾಲ್ವ್ ಬೇಡ, ಅದು ಕಾಲು ತಿರುವಿಗೇ ಪೂರ್ತಿ ಮುಚ್ಚುತ್ತದೆ, ಸೂಕ್ಷ್ಮವಾಗಿ ಹೊಂದಿಸಲು ಬರುವುದಿಲ್ಲ. ಎರಡನೇ ಪೈಪು ಸ್ವಲ್ಪ ಎತ್ತರದಲ್ಲಿ ಬಾಯಿ ತೆರೆದು ನಿಂತಿರಬೇಕು. ಮೊದಲನೆಯದು ಕಟ್ಟಿಕೊಂಡರೆ ಮನೆ ಕಾಯುವುದು ಅದೇ, ಅದಕ್ಕೆ ಯಾವ ವಾಲ್ವೂ ಹಾಕಬಾರದು. ಕಳೆದ ತಿಂಗಳು ಗೆಳೆಯನ ಮನೆಯಲ್ಲಿ ಇದನ್ನು ಕೂರಿಸಿದೆವು. ವಾಲ್ವ್ ಹೊಂದಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು. ಎರಡನೇ ಪೈಪಿನಲ್ಲಿ ದಾರದ ಎಳೆಯಷ್ಟು ನೀರು ಇಳಿಯುವಾಗ ಕೈಬಿಟ್ಟೆವು. ಪಂಪ್ ಓಡುತ್ತಿದೆಯೋ ಇಲ್ಲವೋ ಅಂತ ಗೆಳೆಯ ಸಂಪ್‌ನೊಳಗೆ ಕೈ ಇಟ್ಟು ನೋಡಿದ.