ಟೈಟ್ ಆಗದವನ ಕಿಕ್ ಅಳೆಯುವುದು ಹೇಗೆ?

ನಮ್ಮ ಮಂಡ್ಯದ ಕಡೆ ಯಾವ ಗುಂಪಿನಲ್ಲೂ ಒಬ್ಬ ಇರುತ್ತಾನೆ, ಕ್ವಾರ್ಟರ್ ಎಣ್ಣೆ ಇಳಿಸಿದರೂ ಟೈಟ್ ಆಗದವನು. ಉಳಿದವರನ್ನು ಬೈಕಿನಲ್ಲಿ ಮನೆಗೆ ಬಿಡುವವನೂ ಅವನೇ. (ಬಿಡಬಾರದು ಮಾರಾಯ್ರೇ, 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ. ದಾಟಿದರೆ ಕೇಸು.) ‘ಅವನ ಕೆಪಾಸಿಟಿ ನೋಡು’ ಅಂತ ಹೊಗಳುತ್ತೇವೆ, ಅಲ್ವಾ? ಮುಂದೆ ಕುಡಿತ ಕೈಮೀರುವ ಅಪಾಯ ಜಾಸ್ತಿ ಇರುವುದು ಅಂಥವನಿಗೇ.

ಅಳೆಯಲು ಒಂದು ನೋಟ್‌ಬುಕ್ ಸಾಕು. ಅಳೆಯಲೆಂದೇ ಕುಡಿಯಬೇಡಿ, ಹೇಗೂ ಕುಡಿಯುವ ದಿನ ಬರೆಯಿರಿ. ಗ್ಲಾಸ್ ಮುಟ್ಟುವ ಮೊದಲು ಒಮ್ಮೆ, ಆಮೇಲೆ ಅರ್ಧ ಗಂಟೆ, ಒಂದು, ಎರಡು, ಮೂರು ಗಂಟೆಗೆ, 0ರಿಂದ 10ರೊಳಗೆ ನಾಲ್ಕು ಅಂಕಿ: ಹುರುಪು ಎಷ್ಟು, ಮಂಪರು ಎಷ್ಟು, ಎಷ್ಟು ಇಷ್ಟವಾಗ್ತಿದೆ, ಇನ್ನೂ ಎಷ್ಟು ಬೇಕು ಅನಿಸ್ತಿದೆ. ಹುರುಪು ಅಂದರೆ ಮಾತು ಜಾಸ್ತಿಯಾಗುವುದು, ಮೈ ಹಗುರಾಗುವುದು. ಮಂಪರು ಅಂದರೆ ತಲೆ ಭಾರ, ಯೋಚನೆ ನಿಧಾನ. ಬೆಳಿಗ್ಗೆ ಎದ್ದು ನೆನಪಿನಿಂದ ತುಂಬಿಸಿದರೆ ಸುಮ್ನೆ ಕಥೆಯಾಗುತ್ತದೆ, ಆಗಿಂದಾಗಲೇ ಬರೆಯಬೇಕು. ಪಕ್ಕದಲ್ಲಿ ಎಷ್ಟು ಕುಡಿದಿರಿ ಅಂತಲೂ ಇರಲಿ, ಆದರೆ ‘ಎರಡು ಪೆಗ್’ ಅಂತಲ್ಲ, ಮಿ.ಲೀ. ಲೆಕ್ಕದಲ್ಲಿ. 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್, ಕ್ವಾರ್ಟರಿನಲ್ಲಿ 60. ಎರಡು ಗಂಟೆಯೊಳಗೆ ಗಂಡಸರು 70 ಗ್ರಾಂ, ಹೆಂಗಸರು 56 ಗ್ರಾಂ ಇಳಿಸಿದರೆ ಅಮೆರಿಕದವರು ಅದನ್ನೇ ‘ಬಿಂಜ್’ ಅನ್ನುತ್ತಾರೆ.

ಶಿಕಾಗೋದಲ್ಲಿ ಸಂಶೋಧಕಿ ಆಂಡ್ರಿಯಾ ಕಿಂಗ್ ಅವರ ತಂಡ 2004ರಿಂದ 190 ಯುವಕ ಯುವತಿಯರನ್ನು ಹೀಗೇ ಅಳೆಯಿತು. ಗ್ಲಾಸಿನಲ್ಲಿ ಏನಿದೆ ಅಂತ ಅವರಿಗೆ ಹೇಳಿರಲಿಲ್ಲ, ಒಂದು ಸಲ ಕೊಟ್ಟಿದ್ದು ಕಿಕ್ ಕೊಡದ ಬರೀ ಹುಸಿ ಪಾನೀಯ. ಹುರುಪು, ಇಷ್ಟ, ಬೇಕು ಮೂರೂ ಏರಿ ಮಂಪರು ಮಾತ್ರ ಕಡಿಮೆಯಿದ್ದವರೇ ಮುಂದಿನ ವರ್ಷಗಳಲ್ಲಿ ಹೆಚ್ಚು ಬಿಂಜ್ ಮಾಡಿದರು. ಮಂಪರು ಬ್ರೇಕ್ ಇದ್ದಂತೆ, ಅದು ಹಿಡಿಯದ ಗಾಡಿ ಇವರದು.

ಕುಡಿಯದೇ ಅಳೆಯುವ ದಾರಿಯೂ ಇದೆ, ನನಗೆ ಅದೇ ಇಷ್ಟ. ಜೀವನದಲ್ಲಿ ಮೊದಲ ಐದು ಸಲ ಕುಡಿದಾಗ ಏನಾದರೂ ಅನಿಸಲು ಎಷ್ಟು ಬೇಕಾಯಿತು, ನಾಲಿಗೆ ತೊದಲಲು ಎಷ್ಟು, ಕಾಲು ತಡವರಿಸಲು ಎಷ್ಟು, ಗೊತ್ತಿಲ್ಲದೇ ಮಲಗಿಬಿಡಲು ಎಷ್ಟು? ಅಮೆರಿಕದ ಸ್ಯಾನ್ ಡಿಯಾಗೋದ ಮನೋವೈದ್ಯ ಮಾರ್ಕ್ ಶುಕಿಟ್ ಮಾಡಿದ ಪ್ರಶ್ನೆಗಳಿವು. ಉತ್ತರದ ಅಂಕಿ ದೊಡ್ಡದಾದಷ್ಟೂ ಅಪಾಯ ಜಾಸ್ತಿ. ಅಪ್ಪನಿಗೂ ಚಟ ಇದ್ದರೆ ಇನ್ನೂ ಹುಷಾರು.

ಇದು ಜಾತಕವಲ್ಲ, ಒಂದು ರಾತ್ರಿಯ ಅಂಕಿ ನೋಡಿ ಹೆದರಬೇಡಿ. ನಾಲ್ಕೈದು ಸಲವೂ ಮೂರನೇ ಗಂಟೆಗೆ ‘ಬೇಕು’ ಇಳಿಯದಿದ್ದರೆ ಆ ನೋಟ್‌ಬುಕ್ಕನ್ನೇ ಮನೋವೈದ್ಯರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನಾ ಕುಡಿಯುವವರು ಮಾತ್ರ ಡಾಕ್ಟರನ್ನು ಕೇಳದೆ ದಿಢೀರ್ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು.