ಹೀಟ್ ಆದ ಎಂಜಿನ್: ಹೆಡ್ ಬಿಚ್ಚಿಸುವ ಮೊದಲು ನೋಡಬೇಕಾದದ್ದು

ಕಾರು ಹೀಟ್ ಆಗಿ ನಿಂತಿತೆಂದರೆ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು ಸಾಮಾನ್ಯವಾಗಿ ‘ಹೆಡ್ ಬಿಚ್ಚಿ ನೋಡಬೇಕು’ ಎಂಬುದೇ ಆಗಿರುತ್ತದೆ. ಹೆಡ್ ಎಂದರೆ ಎಂಜಿನ್ನಿನ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ. ಬಿಚ್ಚಲೇಬೇಕಾದ ಸಂದರ್ಭಗಳೂ ಇವೆ. ಆದರೆ ಒಮ್ಮೆ ಬಿಚ್ಚಿದ ಮೇಲೆ, ಒಳಗೆ ದೋಷವಿರಲಿ ಇಲ್ಲದಿರಲಿ, ಗ್ಯಾಸ್ಕೆಟ್ (ಹೆಡ್ಡಿಗೂ ಅದರ ಕೆಳಗೆ ಸಿಲಿಂಡರುಗಳಿರುವ ಬ್ಲಾಕಿಗೂ ನಡುವೆ ಸೋರಿಕೆ ತಡೆಯುವ ಹಾಳೆ), ಆಯಿಲ್, ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ), ಕೂಲಿ ಇವೆಲ್ಲಕ್ಕೂ ಹಣ ತೆರಲೇಬೇಕಾದ್ದರಿಂದ, ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳನ್ನು ಮೊದಲು ಮುಗಿಸಿಕೊಳ್ಳುವುದು ಲೇಸು.

ಕೆಂಪು ದೀಪ ಹೊತ್ತಿದ ಮೇಲೆ ಕಾರು ಎಷ್ಟು ದೂರ ಓಡಿತು ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಕೂಡಲೇ ಪಕ್ಕಕ್ಕೆ ನಿಲ್ಲಿಸಿದ್ದರೆ ಬಹುಪಾಲು ಎಂಜಿನ್ನುಗಳು ಹಾನಿಯಿಲ್ಲದೆ ಪಾರಾಗುತ್ತವೆ. ಶ್ರೀರಂಗಪಟ್ಟಣದಲ್ಲಿ ದೀಪ ಕಂಡು, ‘ಮೈಸೂರು ಬಂದೇಬಿಟ್ಟಿತಲ್ಲ’ ಎಂದು ಉಳಿದ ಸುಮಾರು 15 ಕಿ.ಮೀ. ಓಡಿಸಿದ್ದರೆ ಲೆಕ್ಕ ಬೇರೆ. ಅಲ್ಯೂಮಿನಿಯಂ ಹೆಡ್ಡು ಎರಕದ ಕಬ್ಬಿಣದ ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ಹಿಗ್ಗಲು ಜಾಗ ಸಾಲದೆ ಡೊಂಕಾಗುತ್ತದೆ, ನಡುವೆ ಸಿಕ್ಕ ಗ್ಯಾಸ್ಕೆಟ್ ಸೋರತೊಡಗುತ್ತದೆ. ಓಡುತ್ತಿರುವಾಗಲೇ ಬಿಸಿ ತೋರಿಸುವ ಮೀಟರಿನ ಸೂಜಿ ತಾನಾಗಿ ಕೆಳಗಿಳಿಯಿತೆಂದು ಸಮಾಧಾನಪಡುವಂತಿಲ್ಲ. ಕೂಲೆಂಟ್ ಪೂರ್ತಿ ಖಾಲಿಯಾದಾಗ ಸೆನ್ಸರಿಗೆ ದ್ರವ ತಾಗದೆ ಮೀಟರು ಸುಳ್ಳು ತೋರಿಸುವುದುಂಟು, ಅದು ಅತ್ಯಂತ ಅಪಾಯದ ಘಟ್ಟ.

ಹೀಟ್ ಆದದ್ದು ಎಲ್ಲಿ ಎಂಬುದೂ ಸುಳಿವು ಕೊಡುತ್ತದೆ. ಮಂಡ್ಯದಲ್ಲಿ ಕಬ್ಬಿನ ಗಾಡಿಗಳ ಹಿಂದೆ ತೆವಳುವಾಗ ಮಾತ್ರ ಸೂಜಿ ಏರಿ, ವೇಗ ಹಿಡಿದೊಡನೆ ಇಳಿಯುತ್ತಿದ್ದರೆ ಫ್ಯಾನ್, ಅದರ ರಿಲೇ ಅಥವಾ ಫ್ಯೂಸ್ ಮೇಲೆ ಅನುಮಾನ ಪಡಬೇಕು. ಎಕ್ಸ್‌ಪ್ರೆಸ್‌ವೇಯಲ್ಲಿ ಗಾಳಿ ಧಾರಾಳವಾಗಿ ಬೀಸುತ್ತಿರುವಾಗಲೂ ಏರಿದ್ದರೆ ಕೂಲೆಂಟ್ ಸೋರಿಕೆ, ಕಟ್ಟಿಕೊಂಡ ರೇಡಿಯೇಟರ್, ಥರ್ಮೋಸ್ಟ್ಯಾಟ್ (ಕೂಲೆಂಟ್ ಹರಿವನ್ನು ನಿಯಂತ್ರಿಸುವ ಕವಾಟ) ಇಲ್ಲವೇ ವಾಟರ್ ಪಂಪ್ ಕಡೆಗೆ ನೋಡಬೇಕು. ವರ್ಷಗಟ್ಟಲೆ ಗಡಸು ಬೋರ್‌ವೆಲ್ ನೀರನ್ನೇ ತುಂಬಿಸಿದ ಕಾರುಗಳಲ್ಲಿ ರೇಡಿಯೇಟರ್ ಒಳಗೆ ಸುಣ್ಣದ ಪದರ ಕಟ್ಟಿರುವುದು ಆಶ್ಚರ್ಯವೇನಲ್ಲ.

ಇನ್ನು ಪರೀಕ್ಷೆ. ರೇಡಿಯೇಟರಿನ ಮೇಲಿನ ಹೋಸನ್ನು ಬರಿಗೈಯಲ್ಲಿ ಆರಾಮವಾಗಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಮುಚ್ಚಳವನ್ನು ಮುಟ್ಟಬಾರದು; ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇದ್ದು, ಮುಚ್ಚಳ ಸಡಿಲಿಸಿದೊಡನೆ ಮುಖಕ್ಕೆ ಚಿಮ್ಮುತ್ತದೆ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ತಣಿದ ಮೇಲೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಬಿಳಿ ಬಟ್ಟೆಗೆ ಒರೆಸಿ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಥವಾ ಮಟ್ಟ ಮೊದಲಿಗಿಂತ ಏರಿದ್ದರೆ ಅದರೊಳಗೆ ಕೂಲೆಂಟ್ ಸೇರಿದೆ ಎಂದರ್ಥ, ಆ ಎಂಜಿನ್ನನ್ನು ಸ್ಟಾರ್ಟ್ ಮಾಡಲೇಬಾರದು. ಆಯಿಲ್ ಮುಚ್ಚಳದ ಒಳಬದಿಯಲ್ಲಷ್ಟೇ ತುಸು ನೊರೆಯಿದ್ದರೆ ಗಾಬರಿ ಬೇಡ. ಮೈಸೂರಿನ ಡಿಸೆಂಬರ್ ಚಳಿಯಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನಲ್ಲಿ ತೇವದಿಂದಲೂ ಅದು ಕಾಣಿಸುತ್ತದೆ. ಆಯಿಲ್ ಸರಿಯಾಗಿದ್ದು, ಸ್ಟಾರ್ಟರ್ ಹಾಕಿದಾಗ ಎಂಜಿನ್ ತಿರುಗದೆ ಗಕ್ಕನೆ ನಿಂತರೆ, ತಳ್ಳಿ ಸ್ಟಾರ್ಟ್ ಮಾಡುವ ಸಾಹಸ ಕೂಡದು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಸುಲಭವಾಗಿ ತಿರುಗುವುದಾದರೆ ಕೂಲೆಂಟ್ ತುಂಬಿ, ಮುಚ್ಚಳ ತೆರೆದಿಟ್ಟು, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಗಮನಿಸಿ. ಒಳಗೆ ಸಿಕ್ಕಿದ ಗಾಳಿ ಹೊರಬರುವಾಗ ಕೆಲವು ಗುಳ್ಳೆಗಳು ಏಳುವುದು ಸಹಜ. ಅವು ನಿಲ್ಲದೆ ಏಳುತ್ತಲೇ ಇದ್ದರೆ, ಅಥವಾ ಮುಚ್ಚಳ ಹಾಕಿದ ಮೇಲೆ ಎಂಜಿನ್ ಬಿಸಿಯೇರುವ ಮೊದಲೇ ಹೋಸ್ ಗಟ್ಟಿಯಾದರೆ, ದಹನದ ಅನಿಲ ಗ್ಯಾಸ್ಕೆಟ್ ದಾಟಿ ಬರುತ್ತಿದೆ ಎಂದು ಬಲವಾಗಿ ಶಂಕಿಸಬಹುದು. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಶಂಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಇದಿಷ್ಟನ್ನು ನೋಡಿಕೊಂಡ ಬಳಿಕ ಗ್ಯಾರೇಜಿನಲ್ಲಿ ಮೂರು ಪರೀಕ್ಷೆಗಳನ್ನು ಹೆಸರಿಟ್ಟೇ ಕೇಳಿ. ಪ್ರೆಶರ್ ಟೆಸ್ಟಿನಲ್ಲಿ ಪಂಪಿನಿಂದ ರೇಡಿಯೇಟರಿಗೆ ಒತ್ತಡ ಕೊಟ್ಟು ಅದು ಇಳಿಯುತ್ತದೆಯೇ ಎಂದು ನೋಡುತ್ತಾರೆ. ಬ್ಲಾಕ್ ಟೆಸ್ಟಿನಲ್ಲಿ ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುತ್ತಾರೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಹಳದಿಗೆ ತಿರುಗಿದರೆ ದಹನದ ಅನಿಲ ಸೇರಿದೆ ಎಂದು ತಿಳಿಯುತ್ತದೆ. ಕಂಪ್ರೆಶನ್ ಟೆಸ್ಟಿನಲ್ಲಿ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯುತ್ತಾರೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಕಡಿಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟಾಗ ಅಂಕಿ ಏರಿದರೆ ದೋಷ ಪಿಸ್ಟನ್ ರಿಂಗುಗಳದ್ದು. ನನ್ನ ಅಭಿಪ್ರಾಯದಲ್ಲಿ, ಈ ಮೂರನ್ನೂ ಮಾಡಲು ಮನಸ್ಸಿಲ್ಲದ ಕಡೆ ಹೆಡ್ ಬಿಚ್ಚಿಸದಿರುವುದೇ ಒಳ್ಳೆಯದು.

ಹೆಡ್ ಬಿಚ್ಚುವುದು ಅನಿವಾರ್ಯವಾದರೆ, ಹಳೆಯ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿ ಮುಗಿಸಲು ಬಿಡಬೇಡಿ. ನೇರಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಡೊಂಕನ್ನು ನಿಮ್ಮೆದುರೇ ಅಳೆಸಿ. ಅನೇಕ ಎಂಜಿನ್ನುಗಳಲ್ಲಿ ಮಿತಿ 0.05 ಮಿ.ಮೀ. ಆಸುಪಾಸಿನಲ್ಲಿದ್ದು, ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಮಿತಿ ಮೀರಿದ್ದರೆ ಫೇಸಿಂಗಿಗೆ, ಅಂದರೆ ಮೇಲ್ಮೈಯನ್ನು ಸವೆಸಿ ಸಮತಟ್ಟು ಮಾಡಿಸಲು, ಕಳುಹಿಸಬೇಕು, ಅದಕ್ಕೆ ಮುನ್ನ ಬಿರುಕಿನ ಪರೀಕ್ಷೆಯೂ ಆಗಬೇಕು. ಹೀಟ್ ಆಗಲು ಕಾರಣವಾದ ಫ್ಯಾನನ್ನೋ ಥರ್ಮೋಸ್ಟ್ಯಾಟನ್ನೋ ಬದಲಿಸದೆ ಎಂಜಿನ್ ಜೋಡಿಸಿದರೆ ಖರ್ಚೆಲ್ಲ ವ್ಯರ್ಥ. ಕೆಲಸ ಮುಗಿದ ಮೇಲೆ ಕೂಲೆಂಟ್ ಮಟ್ಟಕ್ಕೆ ಗುರುತು ಹಾಕಿ, ಚಾಮುಂಡಿ ಬೆಟ್ಟವನ್ನು ಒಮ್ಮೆ ಹತ್ತಿಸಿ ಇಳಿಸಿ, ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮಟ್ಟ ಗುರುತಿನಿಂದ ಇಳಿದಿದೆಯೇ ಎಂದು ನೋಡಿ. ಇಳಿದಿದ್ದರೆ ಬಾಕಿ ಹಣ ಕೊಡುವ ಮುನ್ನವೇ ಕಾರನ್ನು ಗ್ಯಾರೇಜಿಗೆ ಹಿಂದಿರುಗಿಸಿ.